ಗಂಜ್: ವಿಜಯಪುರದ ನೀರಿನ ಗೋಪುರಗಳು

ಶಾಲಾ ಪ್ರವಾಸದಲ್ಲಿ ವಿಜಯಪುರ ನೋಡದ ವಿದ್ಯಾರ್ಥಿ ನಮ್ಮ ತುಳಸಿಗೇರಿ, ಕಲಾದಗಿ ಕಡೆ ಸಿಗುವುದು ಕಷ್ಟ. 1997ರವರೆಗೆ ನಾವೂ ಅದೇ ಜಿಲ್ಲೆಯವರು. ಗೋಲ ಗುಮ್ಮಟದಲ್ಲಿ ಕೂಗಿ ಮರುದನಿ ಕೇಳುತ್ತೇವೆ, ಇಬ್ರಾಹಿಂ ರೋಜಾ ನೋಡಿ ಬಸ್ಸು ಹತ್ತುತ್ತೇವೆ. ಊರಿನಲ್ಲಿ ಅಲ್ಲಲ್ಲಿ ನಿಂತಿರುವ, ಕೆತ್ತನೆಯಿಲ್ಲದ ಸಾದಾ ಗೋಪುರಗಳನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಅವುಗಳಿಗೆ ಗಂಜ್ ಎಂದು ಹೆಸರು. ಆದಿಲ್‌ಶಾಹಿ ರಾಜಧಾನಿಯ ಜನ ನೀರು ಕುಡಿದದ್ದು ಇವುಗಳ ದೆಸೆಯಿಂದ.

ವಿಜಯಪುರ ಬಯಲುಸೀಮೆಯ ಊರು, ಮಳೆ ಕಡಿಮೆ. ತಾಜ್ ಬಾವಡಿ, ಚಾಂದ್ ಬಾವಡಿಯಂತಹ ದೊಡ್ಡ ಬಾವಿಗಳಿದ್ದರೂ ಬೆಳೆಯುತ್ತಿದ್ದ ನಗರಕ್ಕೆ ಅವು ಸಾಲಲಿಲ್ಲ. ಪಶ್ಚಿಮದ ತೊರವಿಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ತಂದರು. ಗೋಲ ಗುಮ್ಮಟದಲ್ಲಿ ಮಲಗಿರುವ ಸುಲ್ತಾನ ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದನು. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತ ಗಾರೆಯ ಕವಚ ಹಾಕಿ, ನೆಲದಲ್ಲಿ ಹೂತು ನಗರಕ್ಕೆ ನೀರು ಹರಿಸಿದರು.

ಇಲ್ಲಿಯೇ ತೊಡಕು. ಕೆರೆ ಎತ್ತರದಲ್ಲಿದೆ, ಊರು ತಗ್ಗಿನಲ್ಲಿದೆ. ತಗ್ಗಿಗೆ ಇಳಿದಂತೆಲ್ಲ ಕೊಳವೆಯೊಳಗಿನ ಒತ್ತಡ ಏರುತ್ತದೆ. ಕಬ್ಬಿಣದ ಪೈಪಾದರೆ ತಡೆದೀತು, ಮಣ್ಣಿನದು ಒಡೆಯುತ್ತದೆ. ಒಡೆದದ್ದು ಎಲ್ಲಿ ಎಂದು ನೆಲದ ಮೇಲೆ ನಿಂತವನಿಗೆ ತಿಳಿಯುವುದೂ ಇಲ್ಲ. ಆದ್ದರಿಂದ ದಾರಿಯಲ್ಲಿ 25ರಿಂದ 40 ಅಡಿ ಎತ್ತರದ ಗಂಜ್‌ಗಳನ್ನು ಕಟ್ಟಿದರು. ಕೊಳವೆಯ ನೀರು ಗೋಪುರದೊಳಗೆ ಮೇಲೇರುತ್ತದೆ. ಅಲ್ಲಿ ಗಾಳಿಗೆ ತೆರೆದುಕೊಂಡು ಒತ್ತಡ ಕಳೆದುಕೊಳ್ಳುತ್ತದೆ, ಮತ್ತೆ ಕೆಳಗಿಳಿದು ಮುಂದಿನ ಗೋಪುರಕ್ಕೆ ಸಾಗುತ್ತದೆ. ಜೊತೆಗೆ ಬಂದ ಹೂಳು, ಕಸ ಗೋಪುರದ ತಳದಲ್ಲಿಯೇ ಉಳಿದು ತಿಳಿನೀರು ಮಾತ್ರ ಮುಂದೆ ಹೋಗುತ್ತದೆ. ಪಂಪಿಲ್ಲ, ಯಂತ್ರವಿಲ್ಲ. ಆದರೆ ಗೋಪುರದಲ್ಲಿ ನೀರು ಏರಬೇಕಾದ ಮಟ್ಟ ಮೂಲದ ನೀರಿನ ಮಟ್ಟಕ್ಕಿಂತ ಮೇಲಾಗುವಂತಿಲ್ಲ. ಮೈಲಿಗಟ್ಟಲೆ ದೂರದ ಈ ಅಳತೆ ತಪ್ಪಿದರೆ ನೀರು ಏರುವುದೇ ಇಲ್ಲ. 44 ಮೀಟರ್ ವ್ಯಾಸದ ಇಟ್ಟಿಗೆ ಗುಮ್ಮಟ ನಿಲ್ಲಿಸಿದ ಕಾಲದ ಜನ ಈ ಲೆಕ್ಕವನ್ನೂ ಬಲ್ಲವರಾಗಿದ್ದರು. ನನ್ನ ಮಟ್ಟಿಗೆ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯದಲ್ಲ. ಒಂದು ಗಂಜ್ ಬಿದ್ದರೆ ಹೋಗುವುದು ಬರೀ ಕಲ್ಲು ಗಾರೆಯಲ್ಲ, ಆ ಲೆಕ್ಕದ ಒಂದು ಸಾಲು.

ಈ ಉಪಾಯ ವಿಜಯಪುರದ್ದೊಂದೇ ಅಲ್ಲ. 17ನೇ ಶತಮಾನದ ಆರಂಭದಲ್ಲಿ ಮಲಿಕ್ ಅಂಬರ್ ಕಟ್ಟಿಸಿದ ಔರಂಗಾಬಾದಿನ ನೀರಿನ ವ್ಯವಸ್ಥೆಯಲ್ಲಿಯೂ ಇಂತಹ ಗೋಪುರಗಳಿವೆ. ಇಟಲಿಯ ಪೊಂಪೆಯಲ್ಲಿ ರೋಮನ್ನರು ಬೀದಿಬದಿಯಲ್ಲಿ ಕಂಬ ಕಟ್ಟಿ, ಮೇಲೆ ಸೀಸದ ತೊಟ್ಟಿ ಇಟ್ಟಿದ್ದರು. ಇಸ್ತಾಂಬುಲಿನಲ್ಲಿ ಉಸ್ಮಾನಿ ತುರ್ಕರು ಕಟ್ಟಿದವಕ್ಕೆ ಸು ತೆರಾಜಿ ಎನ್ನುತ್ತಾರೆ. ಸು ಎಂದರೆ ನೀರು. ತೆರಾಜಿ ಎಂದರೆ ತಕ್ಕಡಿ. ನಮ್ಮ ಸಂತೆಯಲ್ಲಿ ಕಾಳು ತೂಗುವ ತರಾಜು ಕೂಡ ಅದೇ ಫಾರ್ಸಿ ಶಬ್ದ.