ಮುದ್ದೇನಹಳ್ಳಿಯ ಮನೆಯಲ್ಲಿ ಕೇಳಿದ ಪ್ರಶ್ನೆ

ನಮ್ಮ ಬಡವನಹಳ್ಳಿಯಿಂದ ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಮೇಲೆ ಹಾದು ಮುದ್ದೇನಹಳ್ಳಿಯನ್ನು ಮುಟ್ಟಬಹುದು. 2006ರ ಚಳಿಗಾಲದಲ್ಲಿ, ನಾನಿನ್ನೂ ಸೇವೆಯಲ್ಲಿದ್ದಾಗ, ಏಳನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನು ಅಲ್ಲಿ ಸ್ಮಾರಕ ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದ್ದಾರೆ.

ದಿವಾನರ ಮನೆಯೆಂದೊಡನೆ ಮಕ್ಕಳು ಕಂಬಸಾಲಿನ ಬಂಗಲೆಯೊಂದನ್ನು ಊಹಿಸಿಕೊಂಡಿದ್ದರು. ಕಂಡದ್ದು ಹಳ್ಳಿಯ ಮನೆ. ಒಳಗೆ ಅವರ ಕನ್ನಡಕ, ಲೋಟಗಳು, ನಿಘಂಟು, ಬಿರುದು ಪದಕಗಳು, ಕನ್ನಂಬಾಡಿ ಅಣೆಕಟ್ಟಿನ ಮಾದರಿ. ಸಮೀಪದಲ್ಲೇ ಸಮಾಧಿ, ಅದರಾಚೆ ಕಣ್ಣೆತ್ತಿದರೆ ನಂದಿಬೆಟ್ಟ. ಆರು ವರ್ಷ ಒಂದು ಸಂಸ್ಥಾನವನ್ನೇ ನಡೆಸಿದ ವ್ಯಕ್ತಿಯ ಸ್ಮರಣೆಗೆ ಇಷ್ಟು ಸಾಮಾನ್ಯ ವಸ್ತುಗಳೇ ಒಪ್ಪುತ್ತವೆಂದು ನನಗನ್ನಿಸಿತು. ಕನ್ನಡಕದ ಮುಂದೆ ಮಕ್ಕಳು ನಿಂತಷ್ಟು ಹೊತ್ತು ಪದಕಗಳ ಮುಂದೆ ನಿಲ್ಲಲಿಲ್ಲ.

ನಾನು ಪಾಠ ಒಪ್ಪಿಸುವವನಂತೆ ಹೇಳುತ್ತ ಹೋದೆ: 1912ರಲ್ಲಿ ದಿವಾನಗಿರಿ, 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1918ರಲ್ಲಿ ನಿವೃತ್ತಿ. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ, "ಯಾಕೆ ಸಾರ್ ಬಿಟ್‌ಬಿಟ್ರು?" ಎಂದು ಕೇಳಿದ.

"ವಯಸ್ಸಾಗಿತ್ತಪ್ಪ" ಎಂದುಬಿಟ್ಟೆ.

"ಆಮೇಲೆ ಭದ್ರಾವತಿ ಕಾರ್ಖಾನೆ ನೋಡ್ಕೊಂಡ್ರು ಅಂತ ನೀವೇ ಹೇಳಿದ್ರಲ್ಲ ಸಾರ್?"

ಬಸ್ಸಿಗೆ ಹೊತ್ತಾಯಿತೆಂದು ಎಲ್ಲರನ್ನೂ ಹೊರಡಿಸಿದೆ. ಉತ್ತರ ನನಗೆ ಗೊತ್ತಿತ್ತು. ಆ ಮನೆಯಲ್ಲಿ ನಿಂತು ಅದನ್ನು ಹೇಳುವುದು ಅಪಚಾರವೆನಿಸಿತ್ತು, ಅಷ್ಟೆ. ಆ ಹುಡುಗನಿಗೆ ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಬ್ರಾಹ್ಮಣರು ಶೇಕಡಾ 4ರಷ್ಟೂ ಇರಲಿಲ್ಲ. ಸರ್ಕಾರದ ದೊಡ್ಡ ಹುದ್ದೆಗಳ ಹೆಚ್ಚಿನ ಪಾಲು ಅವರಲ್ಲಿತ್ತು. ಇಂಗ್ಲಿಷ್ ವಿದ್ಯೆಗೆ ಮೊದಲು ಕೈಹಾಕಿದವರಿಗೆ ಅದರ ಫಲವೂ ಮೊದಲು ದಕ್ಕಿತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ, ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಂತಾದ ಸಮುದಾಯಗಳ ಮುಖಂಡರು ಒಂದುಗೂಡಿದರು. ಮರುವರ್ಷ ಅವರು ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಮೊರೆಯಿಟ್ಟರು. ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು.

ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರನ್ನು ವಿದ್ಯೆಯಿಂದ ಮೇಲೆತ್ತಬೇಕು, ಹುದ್ದೆಗಳನ್ನು ಮಾತ್ರ ಯೋಗ್ಯತೆ ನೋಡಿಯೇ ತುಂಬಬೇಕು, ಇಲ್ಲವಾದರೆ ಆಡಳಿತದ ದಕ್ಷತೆ ಕುಂದುತ್ತದೆ ಎಂಬುದು ಅವರ ನಿಲುವು. 1918ರ ಕೊನೆಯಲ್ಲಿ ಅವರು ಅಧಿಕಾರ ಬಿಟ್ಟರು. ಕಾಂತರಾಜ ಅರಸರು ದಿವಾನರಾದರು. 1919ರಲ್ಲಿ ಸಮಿತಿಯ ವರದಿ ಬಂತು: ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯವುಗಳಲ್ಲಿ ಮೂರನೆಯ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು. 1921ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು.

ಅವರ ವಾದವನ್ನು ಹಗುರವಾಗಿ ತಳ್ಳಿಹಾಕಲಾರೆ. ತಮ್ಮ ಮಾತಿಗೆ ತಕ್ಕಂತೆ ಅವರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವತ್ತ ಹೆಜ್ಜೆಯಿಟ್ಟಿದ್ದರು. ಆ ಕಾಲಕ್ಕೆ ಅದೇನು ಸಣ್ಣ ಸಂಗತಿಯಲ್ಲ. ಆದರೆ ಮಗ್ಗದ ಮನೆಯಲ್ಲಿ ಹುಟ್ಟಿದ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿದಾಗ, ನಮ್ಮ ವಂಶದಲ್ಲಿ ಸರ್ಕಾರಿ ಸಂಬಳ ಕಂಡವರು ಒಬ್ಬರೂ ಇರಲಿಲ್ಲ. ವಿದ್ಯೆಯೇನೋ ಸಿಕ್ಕಿತ್ತು, ಕೆಲಸ ಸಿಕ್ಕಿದ್ದು ಮಿಲ್ಲರ್ ಸಮಿತಿಯಿಂದ ಮೊದಲಾದ ಮೀಸಲಾತಿಯ ದೆಸೆಯಿಂದ. ಈ ವಿಷಯದಲ್ಲಿ ದಿವಾನರ ಲೆಕ್ಕ ತಪ್ಪಿತ್ತೆಂದೇ ನನ್ನ ಅಭಿಪ್ರಾಯ. ಹಾಗೆಂದು ಕನ್ನಂಬಾಡಿಯ ನೀರು ಕುಡಿದವರು ಅವರನ್ನು ನೆನೆಯುವುದೂ ತಪ್ಪಲ್ಲ. ಒಬ್ಬ ದೊಡ್ಡ ಮನುಷ್ಯನನ್ನು ಗೌರವಿಸಲು ಅವನ ಎಲ್ಲ ಮಾತನ್ನೂ ಒಪ್ಪಲೇಬೇಕೆಂದು ನಾನು ಮಕ್ಕಳಿಗೆ ಯಾವಾಗ ಕಲಿಸಿಬಿಟ್ಟೆನೋ!

ಕಳೆದ ಯುಗಾದಿಯ ಮರುದಿನ ಆ ಹುಡುಗ ಮಧುಗಿರಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾನೆ. ಮುದ್ದೇನಹಳ್ಳಿಯ ಪ್ರಶ್ನೆಯನ್ನು ನೆನಪಿಸಿ, ಅಂದು ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಂಡು, ಮಿಲ್ಲರ್ ಸಮಿತಿಯ ವಿಷಯ ಹೇಳತೊಡಗಿದೆ. ಅವನು ನನ್ನ ಕೈಚೀಲವನ್ನು ತನ್ನ ಕೈಗೆ ತೆಗೆದುಕೊಂಡು ನಕ್ಕ.

"ಗೊತ್ತು ಸಾರ್, ಕೆಲಸದ ಪರೀಕ್ಷೆಗೆ ಅದನ್ನೆಲ್ಲ ಓದಿದ್ದೆ. ಬನ್ನಿ, ಕಾಫಿ ಕುಡಿಯೋಣ."