ಕರ್ನಾಟಕದಲ್ಲಿ ವಸತಿಹೀನತೆ ನಿವಾರಣೆ

ಕರ್ನಾಟಕದಲ್ಲಿ ವಸತಿಹೀನತೆಯನ್ನು ನಿವಾರಿಸಲು ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಗಳು ಹಲವು ಯೋಜನೆಗಳನ್ನು ಜಾರಿಗೊಳಿಸಿವೆ. ಇವು ಮುಖ್ಯವಾಗಿ ಮೂರು ಬಗೆಯವು: ಮನೆ ಕಟ್ಟಿಕೊಳ್ಳಲು ಸಹಾಯಧನ ನೀಡುವುದು, ವಾಸವಿರುವ ಜಾಗಕ್ಕೆ ಹಕ್ಕುಪತ್ರ ನೀಡುವುದು ಮತ್ತು ನಗರಗಳ ಬೀದಿಬದಿಯಲ್ಲಿ ಬದುಕುವವರಿಗೆ ಆಶ್ರಯತಾಣ ಒದಗಿಸುವುದು. ಮೊದಲನೆಯದಕ್ಕೆ ಸ್ವಂತ ನಿವೇಶನವೂ ದಾಖಲೆಗಳೂ ಬೇಕು. ಅವೆರಡೂ ಇಲ್ಲದವರ ಪಾಲಿಗೆ ಉಳಿಯುವುದು ಆಶ್ರಯತಾಣ ಮಾತ್ರ. ಈ ವ್ಯತ್ಯಾಸವನ್ನು ಕಲಬುರಗಿ ನಗರ ಮತ್ತು ಅದೇ ಜಿಲ್ಲೆಯ ಕಮಲಾಪುರ ತಾಲ್ಲೂಕಿನ ಉದಾಹರಣೆಗಳಿಂದ ಅರಿಯಬಹುದು.

ಪರಿಭಾಷೆ

ಆಡಳಿತದ ಕನ್ನಡದಲ್ಲಿ ಮನೆಯಿಲ್ಲದವರನ್ನು ಸೂಚಿಸಲು ಹಲವು ಪದಗಳಿದ್ದು, ಅವುಗಳ ಅರ್ಥ ಒಂದೇ ಅಲ್ಲ. ನಿವೇಶನವಿದ್ದೂ ವಾಸಯೋಗ್ಯ ಮನೆಯಿಲ್ಲದ ಕುಟುಂಬವನ್ನು 'ವಸತಿರಹಿತ' ಎಂದೂ, ಮನೆ ಕಟ್ಟಲು ಜಾಗವೇ ಇಲ್ಲದ ಕುಟುಂಬವನ್ನು 'ನಿವೇಶನರಹಿತ' ಎಂದೂ ಪಟ್ಟಿ ಮಾಡಲಾಗುತ್ತದೆ. ಸೂರೇ ಇಲ್ಲದೆ ರಸ್ತೆಬದಿಯಲ್ಲಿ ಮಲಗುವವರನ್ನು 'ನಗರ ವಸತಿಹೀನರು' ಅಥವಾ 'ನಿರಾಶ್ರಿತರು' ಎನ್ನುತ್ತಾರೆ. 'ನಿರಾಶ್ರಿತ' ಎಂಬ ಪದವು ದೇಶ ಬಿಟ್ಟು ಬಂದವರಿಗೂ ಸಲ್ಲುವುದರಿಂದ ಗೊಂದಲಕ್ಕೆ ಎಡೆಯಾಗುವುದುಂಟು. ಒಬ್ಬ ವ್ಯಕ್ತಿಗೆ ಯಾವ ಯೋಜನೆಯ ನೆರವು ದೊರೆಯುತ್ತದೆ ಎಂಬುದು ಆತನ ಹೆಸರು ಇವುಗಳಲ್ಲಿ ಯಾವ ಪಟ್ಟಿಗೆ ಸೇರಿದೆ ಎಂಬುದನ್ನು ಅವಲಂಬಿಸಿರುತ್ತದೆ.

ಭಾರತದ ಜನಗಣತಿಯು 'ಗಣತಿ ಮನೆ' ಎಂದು ಕರೆಯಲಾಗುವ ಕಟ್ಟಡಗಳಲ್ಲಿ ವಾಸಿಸದವರನ್ನು ಮನೆರಹಿತರೆಂದು ಪರಿಗಣಿಸುತ್ತದೆ. ಬಯಲು, ರಸ್ತೆಬದಿ, ಕಾಲುದಾರಿ, ಸಿಮೆಂಟ್ ಕೊಳವೆ, ಮೇಲ್ಸೇತುವೆಯ ಅಡಿ, ಮೆಟ್ಟಿಲುಗಳ ಕೆಳಗೆ, ದೇವಾಲಯದ ಮಂಟಪ, ರೈಲು ನಿಲ್ದಾಣದ ಪ್ಲಾಟ್‌ಫಾರಂ ಮುಂತಾದ ಕಡೆ ವಾಸಿಸುವವರು ಇದರಲ್ಲಿ ಸೇರುತ್ತಾರೆ. ಗುಡಿಸಲಿನಲ್ಲಿ ಅಥವಾ ಕೊಳೆಗೇರಿಯ ಮನೆಯಲ್ಲಿ ವಾಸಿಸುವವರು ಈ ಲೆಕ್ಕಕ್ಕೆ ಬರುವುದಿಲ್ಲ.

ಜನಗಣತಿಯ ಅಂಕಿಅಂಶಗಳು

2001ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 19.4 ಲಕ್ಷ ಮನೆರಹಿತರಿದ್ದರು. 2011ರಲ್ಲಿ ಈ ಸಂಖ್ಯೆ ಸುಮಾರು 17.7 ಲಕ್ಷಕ್ಕೆ ಇಳಿಯಿತು. ಆದರೆ ಇಳಿಕೆ ಕಂಡದ್ದು ಗ್ರಾಮಗಳಲ್ಲಿ ಮಾತ್ರ. ಗ್ರಾಮೀಣ ಮನೆರಹಿತರು 11.6 ಲಕ್ಷದಿಂದ 8.3 ಲಕ್ಷಕ್ಕೆ ಇಳಿದರೆ, ನಗರಗಳಲ್ಲಿ ಅವರ ಸಂಖ್ಯೆ 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿತು. ಕರ್ನಾಟಕದಲ್ಲಿ 2011ರಲ್ಲಿ ಸುಮಾರು 77 ಸಾವಿರ ಮನೆರಹಿತರು ದಾಖಲಾಗಿದ್ದರು.

ಮನೆರಹಿತರ ಎಣಿಕೆಯನ್ನು 2011ರ ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ ನಡೆಸಲಾಯಿತು. ಕೆಲಸ ಅರಸಿ ಊರೂರು ತಿರುಗುವವರು, ಮಲಗುವ ಜಾಗವನ್ನು ಪದೇ ಪದೇ ಬದಲಿಸುವವರು ಇಂತಹ ಎಣಿಕೆಯಿಂದ ತಪ್ಪಿಹೋಗುವ ಸಾಧ್ಯತೆ ಹೆಚ್ಚು. 2021ರಲ್ಲಿ ನಡೆಯಬೇಕಿದ್ದ ಜನಗಣತಿಯು ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾದ ಕಾರಣ, ಯೋಜನೆಗಳಿಗೆ ಬಹುಕಾಲ 2011ರ ಅಂಕಿಅಂಶಗಳೇ ಆಧಾರವಾಗಿ ಉಳಿದವು.

ಸಂವಿಧಾನ ಮತ್ತು ನ್ಯಾಯಾಲಯದ ತೀರ್ಪುಗಳು

ಭಾರತದ ಸಂವಿಧಾನದಲ್ಲಿ ವಸತಿಯ ಹಕ್ಕನ್ನು ಪ್ರತ್ಯೇಕವಾಗಿ ಹೇಳಿಲ್ಲ. ಜೀವಿಸುವ ಹಕ್ಕನ್ನು ನೀಡುವ 21ನೇ ವಿಧಿಯನ್ನು ಸುಪ್ರೀಂ ಕೋರ್ಟ್ ವಿಶಾಲವಾಗಿ ಅರ್ಥೈಸಿದ್ದರಿಂದ ಈ ಹಕ್ಕು ರೂಪುಗೊಂಡಿತು. ಮುಂಬಯಿಯ ಕಾಲುದಾರಿ ನಿವಾಸಿಗಳ ತೆರವಿಗೆ ಸಂಬಂಧಿಸಿದ ಓಲ್ಗಾ ಟೆಲಿಸ್ ಪ್ರಕರಣದಲ್ಲಿ (1985) ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ ಹೇಳಿತು. ಆದರೆ ಕಾಲುದಾರಿಯನ್ನು ಶಾಶ್ವತವಾಗಿ ಆಕ್ರಮಿಸುವ ಹಕ್ಕನ್ನು ಅದು ಒಪ್ಪಲಿಲ್ಲ. 1996ರಲ್ಲಿ ವರದಿಯಾದ ಚಮೇಲಿ ಸಿಂಗ್ ಪ್ರಕರಣದ ತೀರ್ಪಿನಲ್ಲಿ ವಸತಿಯೆಂದರೆ ತಲೆಯ ಮೇಲಿನ ಸೂರು ಮಾತ್ರವಲ್ಲ. ಬೆಳಕು, ಗಾಳಿ, ಶುದ್ಧ ನೀರು, ನೈರ್ಮಲ್ಯ ಮತ್ತು ರಸ್ತೆಯೂ ಅದರಲ್ಲಿ ಸೇರಿವೆ ಎಂಬ ನಿಲುವು ವ್ಯಕ್ತವಾಯಿತು.

2010ರಲ್ಲಿ ಆಹಾರದ ಹಕ್ಕಿಗೆ ಸಂಬಂಧಿಸಿದ ಮೊಕದ್ದಮೆಯ ವಿಚಾರಣೆಯಲ್ಲಿ ದೆಹಲಿಯ ಚಳಿಯಲ್ಲಿ ಬೀದಿಯಲ್ಲಿ ಮಲಗುವವರ ಸ್ಥಿತಿಯು ನ್ಯಾಯಾಲಯದ ಗಮನಕ್ಕೆ ಬಂದಿತು. ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ದಿನದ 24 ಗಂಟೆಯೂ ತೆರೆದಿರುವ ಆಶ್ರಯತಾಣಗಳಿರಬೇಕೆಂಬ ಮಾನದಂಡ ಈ ಹಿನ್ನೆಲೆಯಲ್ಲಿ ರೂಪುಗೊಂಡಿತು. ಇದರ ಜಾರಿ ನಿಧಾನವಾಗಿರುವುದನ್ನು ಕಂಡ ನ್ಯಾಯಾಲಯವು 2016ರಲ್ಲಿ ಇ. ಆರ್. ಕುಮಾರ್ ಪ್ರಕರಣದಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿಯನ್ನು ನೇಮಿಸಿತು.

ಮನೆ ನಿರ್ಮಾಣ ಯೋಜನೆಗಳು

ರಾಜ್ಯದ ಬಡವರ ವಸತಿ ಯೋಜನೆಗಳಲ್ಲಿ 1991–92ರಲ್ಲಿ ಆರಂಭವಾದ ಆಶ್ರಯ ಯೋಜನೆ ಪ್ರಮುಖವಾದುದು. ಇಂದಿಗೂ ಹಳ್ಳಿಗಳಲ್ಲಿ ಸರ್ಕಾರಿ ನೆರವಿನ ಮನೆಯನ್ನು 'ಆಶ್ರಯ ಮನೆ' ಅಥವಾ 'ಜನತಾ ಮನೆ' ಎಂದೇ ಕರೆಯುತ್ತಾರೆ. ವಸತಿ ಯೋಜನೆಗಳ ಅನುಷ್ಠಾನಕ್ಕಾಗಿ 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವನ್ನು ಸ್ಥಾಪಿಸಲಾಯಿತು. ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗಾಗಿ ಡಾ. ಬಿ. ಆರ್. ಅಂಬೇಡ್ಕರ್ ನಿವಾಸ ಯೋಜನೆ, ವಿಶೇಷ ವರ್ಗದವರಿಗಾಗಿ ದೇವರಾಜ ಅರಸು ವಸತಿ ಯೋಜನೆ, ನಗರವಾಸಿಗಳಿಗಾಗಿ ವಾಜಪೇಯಿ ನಗರ ವಸತಿ ಯೋಜನೆ ಈ ನಿಗಮದ ಮೂಲಕ ನಡೆಯುತ್ತವೆ. ಕೊಳೆಗೇರಿಗಳ ಅಭಿವೃದ್ಧಿಗೆ 1973ರ ಕಾಯ್ದೆಯ ಅಡಿಯಲ್ಲಿ ಪ್ರತ್ಯೇಕ ಮಂಡಳಿಯಿದೆ.

ಕೇಂದ್ರ ಸರ್ಕಾರವು 1985ರಲ್ಲಿ ಇಂದಿರಾ ಆವಾಸ್ ಯೋಜನೆಯನ್ನು ಆರಂಭಿಸಿತು. 2016ರಲ್ಲಿ ಇದು ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಎಂದು ಪುನರ್‌ರಚನೆಯಾಯಿತು. ನಗರಗಳಿಗಾಗಿ ಇದೇ ಹೆಸರಿನ ಯೋಜನೆ 2015ರ ಜೂನ್ 25ರಂದು ಜಾರಿಗೆ ಬಂದಿತ್ತು. ಅದರ ಎರಡನೆಯ ಹಂತಕ್ಕೆ 2024ರಲ್ಲಿ ಒಪ್ಪಿಗೆ ದೊರೆಯಿತು. ಲಾಕ್‌ಡೌನ್ ಕಾಲದಲ್ಲಿ ವಲಸೆ ಕಾರ್ಮಿಕರು ಪಟ್ಟ ಪಾಡಿನ ಹಿನ್ನೆಲೆಯಲ್ಲಿ 2020ರಲ್ಲಿ ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಯನ್ನೂ ಪ್ರಕಟಿಸಲಾಯಿತು.

ಅನುದಾನದ ಹಂಚಿಕೆ

ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಒಂದು ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿದೆ. ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಅಂದರೆ ಕೇಂದ್ರದ ಪಾಲು 72 ಸಾವಿರ ರೂಪಾಯಿ, ರಾಜ್ಯದ ಪಾಲು 48 ಸಾವಿರ ರೂಪಾಯಿ. ಇದಲ್ಲದೆ ಉದ್ಯೋಗ ಖಾತರಿ ಯೋಜನೆಯಿಂದ 90 ದಿನಗಳ ಕೂಲಿ ಮತ್ತು ಸ್ವಚ್ಛ ಭಾರತ ಯೋಜನೆಯಿಂದ ಶೌಚಾಲಯಕ್ಕೆ 12 ಸಾವಿರ ರೂಪಾಯಿ ಸೇರಿಸಲು ಅವಕಾಶ ಕಲ್ಪಿಸಲಾಗಿತ್ತು. ಮನೆಯ ಕನಿಷ್ಠ ವಿಸ್ತೀರ್ಣ ಅಡುಗೆಯ ಜಾಗವೂ ಸೇರಿ 25 ಚದರ ಮೀಟರ್.

ಗ್ರಾಮೀಣ ಪ್ರದೇಶದಲ್ಲಿ ರಾಜ್ಯದ ಯೋಜನೆಗಳ ಫಲಾನುಭವಿಗಳನ್ನು ಗ್ರಾಮಸಭೆಯ ಮೂಲಕವೂ, ನಗರಗಳಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಮೂಲಕವೂ ಆಯ್ಕೆ ಮಾಡಲಾಗುತ್ತದೆ. ಹಣವು ಒಮ್ಮೆಗೇ ಬರುವುದಿಲ್ಲ. ತಳಪಾಯ, ಗೋಡೆ, ಛಾವಣಿ ಹೀಗೆ ಕೆಲಸ ಮುಂದುವರಿದಂತೆ ಸ್ಥಳದ ಗುರುತಿರುವ ಛಾಯಾಚಿತ್ರವನ್ನು ದಾಖಲಿಸಿದ ಬಳಿಕ ಕಂತುಗಳಲ್ಲಿ ಫಲಾನುಭವಿಯ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಈ ಕ್ರಮವು ಹಣದ ಸೋರಿಕೆಯನ್ನು ತಡೆಯುವ ಉದ್ದೇಶದ್ದು. ಆದರೆ ತಳಪಾಯದ ಖರ್ಚನ್ನು ಕುಟುಂಬವೇ ಮೊದಲು ಭರಿಸಬೇಕಾಗಿ ಬಂದಾಗ, ಕೈಯಲ್ಲಿ ಹಣವಿಲ್ಲದವರು ಸಾಲ ಮಾಡಬೇಕಾಗುತ್ತದೆ ಅಥವಾ ಮಂಜೂರಾದ ಮನೆಯನ್ನು ಆರಂಭಿಸಲಾಗದೆ ಉಳಿಯಬೇಕಾಗುತ್ತದೆ.

ಹಕ್ಕುಪತ್ರಗಳು ಮತ್ತು ಕಮಲಾಪುರದಂತಹ ತಾಲ್ಲೂಕುಗಳು

ಸಹಾಯಧನ ಪಡೆಯಲು ಮನೆ ಕಟ್ಟುವ ಜಾಗ ಫಲಾನುಭವಿಯ ಹೆಸರಿನಲ್ಲಿರಬೇಕು. ತಲೆಮಾರುಗಳಿಂದ ಒಂದೇ ಕಡೆ ವಾಸವಿದ್ದರೂ ಕಂದಾಯ ದಾಖಲೆಯಲ್ಲಿ ಹೆಸರಿಲ್ಲದ ಕುಟುಂಬಗಳಿಗೆ ಇದು ದೊಡ್ಡ ತೊಡಕಾಗಿತ್ತು. ಲಂಬಾಣಿ ತಾಂಡಾ, ಕುರುಬರ ಹಟ್ಟಿ, ಗೊಲ್ಲರ ಹಟ್ಟಿ ಮೊದಲಾದ ಜನವಸತಿಗಳಲ್ಲಿ ಈ ಸಮಸ್ಯೆ ಹೆಚ್ಚು.

ಇದಕ್ಕೆ ಪರಿಹಾರವಾಗಿ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 2017ರಲ್ಲಿ ಜಾರಿಗೆ ಬಂದಿತು. ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, ವಾಸವಿರುವವರಿಗೆ ಮನೆಯ ಜಾಗದ ಒಡೆತನ ನೀಡಲು ಇದು ದಾರಿ ಮಾಡಿತು. ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡವರಿಗೆ ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ (ಗ್ರಾಮೀಣ) ಮತ್ತು 94ಸಿಸಿ (ನಗರ) ಕಲಮುಗಳ ಅಡಿಯಲ್ಲಿ ಸಕ್ರಮಗೊಳಿಸುವ ಅವಕಾಶವೂ ಇದೆ.

2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸುಮಾರು 1,475 ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. 50 ಸಾವಿರಕ್ಕೂ ಹೆಚ್ಚು ಕುಟುಂಬಗಳು ಇದರ ಫಲಾನುಭವಿಗಳಾಗಿದ್ದವು.

ಕಲಬುರಗಿ–ಹುಮನಾಬಾದ್ ಹೆದ್ದಾರಿಯಲ್ಲಿರುವ ಕಮಲಾಪುರವು ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಕೆಂಪು ಬಾಳೆಗೆ ಹೆಸರಾದ ಈ ಭಾಗದಲ್ಲಿ ತಾಂಡಾಗಳೂ ಇವೆ. ಇಂತಹ ತಾಲ್ಲೂಕುಗಳಲ್ಲಿ ಹಕ್ಕುಪತ್ರದ ಮಹತ್ವ ಎದ್ದುಕಾಣುತ್ತದೆ. ಅದು ಕೈಸೇರಿದರೆ ಕುಟುಂಬವು 'ನಿವೇಶನರಹಿತ' ಪಟ್ಟಿಯಿಂದ 'ವಸತಿರಹಿತ' ಪಟ್ಟಿಗೆ ಬಂದು ಸಹಾಯಧನಕ್ಕೆ ಅರ್ಹವಾಗುತ್ತದೆ. ಆದರೆ ಹಕ್ಕುಪತ್ರವು ಊರಲ್ಲಿ ಕೆಲಸ ಒದಗಿಸುವುದಿಲ್ಲ. ಮಳೆಯಾಶ್ರಿತ ಬೇಸಾಯವೇ ಹೆಚ್ಚಾಗಿರುವ ಕಲ್ಯಾಣ ಕರ್ನಾಟಕದಿಂದ ಸುಗ್ಗಿ ಮುಗಿದ ಬಳಿಕ ಅನೇಕ ಕುಟುಂಬಗಳು ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದ್ ಕಡೆಗೆ ಗುಳೆ ಹೋಗುತ್ತವೆ. ಊರಿನಲ್ಲಿ ಮನೆಯುಳ್ಳವರೂ ಅಲ್ಲಿ ತಾಡಪತ್ರಿಯ ಗುಡಾರಗಳಲ್ಲಿ ವಾಸಿಸುವುದುಂಟು.

ನಗರ ಆಶ್ರಯತಾಣಗಳು ಮತ್ತು ಕಲಬುರಗಿ

2013ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ನಗರ ವಸತಿಹೀನರ ಆಶ್ರಯತಾಣಗಳಿಗೆ ಪ್ರತ್ಯೇಕ ಉಪಯೋಜನೆಯನ್ನು ಹೊಂದಿತ್ತು. ಮುಂದೆ ಈ ಅಭಿಯಾನಕ್ಕೆ ದೀನದಯಾಳ್ ಅಂತ್ಯೋದಯ ಯೋಜನೆ ಎಂಬ ಹೆಸರು ಸೇರಿತು. ಇದರ ಮಾನದಂಡದಂತೆ ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಶಾಶ್ವತ ಆಶ್ರಯವಿರಬೇಕು. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ದೊರೆಯಬೇಕು. ನೀರು, ಶೌಚಾಲಯ, ಅಡುಗೆಯ ಜಾಗ, ಬೆಳಕು, ಪ್ರಥಮ ಚಿಕಿತ್ಸೆ ಇರಬೇಕು. ಪುರುಷರು, ಮಹಿಳೆಯರು, ಕುಟುಂಬಗಳು ಮತ್ತು ವೃದ್ಧರು, ಮಾನಸಿಕ ಅಸ್ವಸ್ಥರಂತಹ ವಿಶೇಷ ಅಗತ್ಯವುಳ್ಳವರಿಗೆ ಪ್ರತ್ಯೇಕ ವ್ಯವಸ್ಥೆಗೂ ಅವಕಾಶವಿತ್ತು. ಪಡಿತರ, ಪಿಂಚಣಿ, ಗುರುತಿನ ಚೀಟಿ, ಬ್ಯಾಂಕ್ ಖಾತೆ ದೊರಕಿಸಿಕೊಡಲು ನೆರವಾಗುವುದೂ ಆಶ್ರಯತಾಣದ ಹೊಣೆಯಾಗಿತ್ತು.

2011ರ ಜನಗಣತಿಯಂತೆ ಕಲಬುರಗಿ ನಗರದ ಜನಸಂಖ್ಯೆ 5.3 ಲಕ್ಷಕ್ಕೂ ಹೆಚ್ಚು. ಮೇಲಿನ ಮಾನದಂಡವನ್ನು ಅನ್ವಯಿಸಿದರೆ ನಗರಕ್ಕೆ ಕನಿಷ್ಠ 500 ಜನರಿಗಾಗುವಷ್ಟು, ಅಂದರೆ ಕನಿಷ್ಠ 25 ಸಾವಿರ ಚದರ ಅಡಿಯ ಆಶ್ರಯ ಅಗತ್ಯ.

ಆಶ್ರಯತಾಣವು ಎಲ್ಲಿರಬೇಕು ಎಂಬುದೂ ಅಷ್ಟೇ ಮುಖ್ಯ. ವಸತಿಹೀನರು ಕೆಲಸ ಮಾಡುವ ಮತ್ತು ಹೆಚ್ಚಾಗಿ ಸೇರುವ ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳ ಸಮೀಪದಲ್ಲೇ ಅದು ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಕಲಬುರಗಿಯಲ್ಲಿ ಸದಾ ಜನಜಂಗುಳಿಯಿರುವ ಸೂಪರ್ ಮಾರ್ಕೆಟ್ ಪ್ರದೇಶ, ಬಸ್ ಮತ್ತು ರೈಲು ನಿಲ್ದಾಣಗಳು, ತೊಗರಿ ವಹಿವಾಟಿನ ಎಪಿಎಂಸಿ ಪ್ರಾಂಗಣ ಈ ವಿವರಣೆಗೆ ಹೊಂದುವ ಸ್ಥಳಗಳು. ನಸುಕಿನಲ್ಲೇ ಮೂಟೆ ಹೊರುವ ಹಮಾಲರಿಗಾಗಲಿ, ತಳ್ಳುಗಾಡಿಯಲ್ಲಿ ದುಡಿಯುವವರಿಗಾಗಲಿ ಊರಾಚೆಯ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಉಪಯೋಗಕ್ಕೆ ಬಾರದು. ಮಾರುಕಟ್ಟೆಯ ಬಳಿಯ ಜಾಗವಾದರೋ ಬೆಲೆಬಾಳುವಂಥದು.

ಆಶ್ರಯತಾಣದ ಚರ್ಚೆ ಉತ್ತರ ಭಾರತದ ಚಳಿಯಿಂದ ಆರಂಭವಾದರೂ ಕಲಬುರಗಿಯಲ್ಲಿ ಬಿಸಿಲೇ ದೊಡ್ಡ ಅಪಾಯ. ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆದುದರಿಂದ ಬೆಳಗಾಗುತ್ತಲೇ ಬಾಗಿಲು ಮುಚ್ಚುವ ರಾತ್ರಿ ತಂಗುದಾಣಕ್ಕಿಂತ ಹಗಲಿನಲ್ಲೂ ನೆರಳು, ನೀರು ಸಿಗುವ 24 ಗಂಟೆಗಳ ಆಶ್ರಯ ಇಲ್ಲಿ ಹೆಚ್ಚು ಅಗತ್ಯ.

ಭಿಕ್ಷಾಟನೆ ನಿಷೇಧ ಕಾಯ್ದೆ

ಬೀದಿಯಲ್ಲಿ ಬದುಕುವವರನ್ನು ಮುಟ್ಟುವ ಇನ್ನೊಂದು ವ್ಯವಸ್ಥೆಯೆಂದರೆ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ಇದರಡಿ ಭಿಕ್ಷುಕರನ್ನು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಸೇರಿಸಲಾಗುತ್ತದೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಗೆ ಶೇಕಡ 3ರ ಭಿಕ್ಷುಕರ ಕರವನ್ನು ಸಂಗ್ರಹಿಸಿ ಇದಕ್ಕೆ ಹಣ ಒದಗಿಸುತ್ತವೆ. ಆಶ್ರಯತಾಣಕ್ಕೆ ವ್ಯಕ್ತಿ ತಾನಾಗಿ ಬಂದು ತಾನಾಗಿ ಹೋಗಬಹುದು; ಪರಿಹಾರ ಕೇಂದ್ರಕ್ಕೆ ಆತನನ್ನು ಕರೆದೊಯ್ದು ಇರಿಸಲಾಗುತ್ತದೆ. ಇವೆರಡರ ನಡುವಿನ ಮೂಲ ವ್ಯತ್ಯಾಸ ಇದೇ. ದೆಹಲಿಯಲ್ಲಿ ಜಾರಿಯಲ್ಲಿದ್ದ ಇಂತಹ ಕಾನೂನಿನಲ್ಲಿ ಭಿಕ್ಷಾಟನೆಯನ್ನು ಅಪರಾಧವೆನ್ನುವ ಕಲಮುಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ರದ್ದುಗೊಳಿಸಿತು.

ಇತರ ದೇಶಗಳ ಅನುಭವ

ವಿಶ್ವಸಂಸ್ಥೆಯು 1987ನ್ನು ವಸತಿಹೀನರಿಗೆ ಆಶ್ರಯ ಒದಗಿಸುವ ಅಂತರರಾಷ್ಟ್ರೀಯ ವರ್ಷವನ್ನಾಗಿ ಆಚರಿಸಿತು. ಫಿನ್ಲೆಂಡ್ 2008ರಿಂದ 'ಮೊದಲು ಮನೆ' ಎಂಬ ತತ್ತ್ವವನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಅಳವಡಿಸಿಕೊಂಡಿತು. ಉದ್ಯೋಗ, ವ್ಯಸನಮುಕ್ತಿ ಮೊದಲಾದ ಷರತ್ತುಗಳನ್ನು ಪೂರೈಸಿದ ಮೇಲೆ ಮನೆ ಕೊಡುವ ಬದಲು, ಬಾಡಿಗೆ ಮನೆಯನ್ನು ಮೊದಲು ಕೊಟ್ಟು ಉಳಿದ ನೆರವನ್ನು ಅಲ್ಲಿಗೇ ತಲುಪಿಸುವುದು ಇದರ ಕ್ರಮ. ಹಳೆಯ ತಂಗುದಾಣಗಳನ್ನು ಬಾಡಿಗೆ ಮನೆಗಳನ್ನಾಗಿ ಪರಿವರ್ತಿಸಲಾಯಿತು. ದೀರ್ಘಕಾಲದ ವಸತಿಹೀನತೆ ಗಣನೀಯವಾಗಿ ತಗ್ಗಿತು.

ಇತಿಮಿತಿಗಳು

ರಾಜ್ಯದ ವಸತಿ ನೀತಿಯು ಸ್ವಂತ ಮನೆಯನ್ನು ಕೇಂದ್ರವಾಗಿಟ್ಟುಕೊಂಡಿದೆ. ನಿವೇಶನ, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಖಾತೆ ಉಳ್ಳ ಕುಟುಂಬಕ್ಕೆ ಅದು ತಲುಪುವಷ್ಟು ಸುಲಭವಾಗಿ, ವಿಳಾಸವೇ ಇಲ್ಲದ ಒಂಟಿ ಕೂಲಿಕಾರನಿಗೆ, ಮನೆ ಬಿಟ್ಟು ಬಂದ ಮಹಿಳೆಗೆ ಅಥವಾ ನಿರ್ಗತಿಕ ವೃದ್ಧರಿಗೆ ತಲುಪುವುದಿಲ್ಲ. ಆಶ್ರಯತಾಣದಿಂದ ಬಾಡಿಗೆ ಕೋಣೆಗೆ, ಅಲ್ಲಿಂದ ಸ್ವಂತ ಮನೆಗೆ ಸಾಗುವ ನಡುವಿನ ಮೆಟ್ಟಿಲುಗಳು ದುರ್ಬಲವಾಗಿವೆ. ಆಶ್ರಯತಾಣಗಳ ಅನುದಾನವು ಅವಧಿ ನಿಗದಿಯಾದ ಅಭಿಯಾನಕ್ಕೆ ಸೇರಿತ್ತು. ಆ ಅಭಿಯಾನದ ಅವಧಿ 2024ರಲ್ಲಿ ಮುಗಿಯಿತು. ಕಟ್ಟಡಕ್ಕೆ ಒಮ್ಮೆ ಹಣ ಸಾಕು. ಕಾವಲುಗಾರ, ನೀರು, ಸ್ವಚ್ಛತೆ ಮತ್ತು ಹಾಸಿಗೆಗಳಿಗೆ ಪ್ರತಿವರ್ಷವೂ ಬೇಕು. ನಗರ ಸ್ಥಳೀಯ ಸಂಸ್ಥೆಗಳ ಸ್ವಂತ ಆಯವ್ಯಯದಲ್ಲಿ ಇದಕ್ಕೆ ಸ್ಥಿರವಾದ ಪಾಲು ದೊರೆಯುವುದರ ಮೇಲೆ ಆಶ್ರಯತಾಣಗಳ ಭವಿಷ್ಯ ನಿಂತಿದೆ.