ಅಟ್ಟದ ಮೇಲಿನ ಪೆಂಟಿಯಂ

ಇಳಕಲ್ಲಿನ ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪೆಂಟಿಯಂ-3 ಇನ್ನೂ ಇದೆ. ತಂದಾಗ 64 ಎಂಬಿ ರ‍್ಯಾಮ್, 10 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 98. ‘ಬರಹ’ದಲ್ಲಿ ಕನ್ನಡ ಟೈಪಿಸುತ್ತಿದ್ದೆ, ಆದರೆ ಯುನಿಕೋಡ್ ಪುಟ ತೆರೆದರೆ ಬರೀ ಚೌಕಗಳ ಸಾಲು!

ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಇದ್ದವು, ಕನ್ನಡ ಇರಲಿಲ್ಲ. ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನ ಜೊತೆ. ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ಸಾಕು, 128 ಇದ್ದರೆ ಒಳ್ಳೆಯದು ಎಂದಿತ್ತು ಮೈಕ್ರೋಸಾಫ್ಟ್. ಬಾಗಲಕೋಟೆಗೆ ಹೋಗಿ ಇನ್ನೊಂದು 128 ಎಂಬಿ ಎಸ್‌ಡಿರ‍್ಯಾಮ್ ತಂದು ಸಿಕ್ಕಿಸಿದೆ. ಎಕ್ಸ್‌ಪಿ ಹಾಕಿದೆ. ಆದರೂ ಚೌಕ ಹೋಗಲಿಲ್ಲ. ಸಿಡಿ ಮತ್ತೆ ಹಾಕಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ಗೆ ಟಿಕ್ ಮಾಡಿದ ಮೇಲೆ ಒತ್ತಕ್ಷರ ಸಮೇತ ಕನ್ನಡ ಮೂಡಿತು.

ಅವ್ವ ಕನ್ನಡಕ ಏರಿಸಿಕೊಂಡು ನೋಡಿ, “ಏ, ಇವು ನಮ್ಮ ಅಕ್ಷರನ ಅದಾವಲ್ಲೋ!” ಅಂದಳು.

2014ರಲ್ಲಿ ಎಕ್ಸ್‌ಪಿಗೆ ಬೆಂಬಲ ನಿಂತಿತು. ಗುಜರಿಗೆ ಹಾಕು ಅಂತಾರೆ ಮನೆಯಲ್ಲಿ. ಕೈ ಬರುತ್ತಿಲ್ಲ.